ಆರನೇ ಕ್ಲಾಸಿನ ಮಗಳ ಹೋಂವರ್ಕು, ಮನೆಯಲ್ಲಿ ದಿನಾ ರಾಮಾಯಣ. ನಿಮ್ಮಲ್ಲಿ ಹೇಗೆ?

ಸುಂಟಿಕೊಪ್ಪ_ರೈಟರ್
ಜುಲೈ 8, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಕರಿಮೆಣಸಿನ ರೇಟು, ಕೊಳೆರೋಗ, ಮದ್ದು ಹೊಡೆಯುವ ವಿಷಯ ಓದಿ ಸುಮ್ಮನೆ ಹೋಗುವವ. ಇವತ್ತು ಬೇರೆ ವಿಷಯ ಕೇಳ್ತಾ ಇದ್ದೇನೆ. ತಪ್ಪು ಜಾಗದಲ್ಲಿ ಹಾಕಿದ್ದರೆ ಅಡ್ಮಿನ್ ತೆಗೆದುಬಿಡಿ.

ಕೊಡಗಿನ ಸುಂಟಿಕೊಪ್ಪ ಹತ್ತಿರ ಒಂದು ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವ. ಹೆಂಡತಿ ಒಂದು ಹೋಂಸ್ಟೇಯ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗ್ತಾಳೆ, ಗೆಸ್ಟ್ ಇದ್ದ ದಿನ ಮನೆಗೆ ಬರುವಾಗ ರಾತ್ರಿ ಹತ್ತಾಗ್ತದೆ. ಮಗಳು ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮಗ ಒಂದನೇ ಕ್ಲಾಸು. ಜೊತೆಗೆ ನನ್ನ ಅವ್ವ. ಮನೆಯಲ್ಲಿ ಆಡುವುದು ಅರೆಭಾಷೆ. ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ, ಪಿಯುಸಿಗೆ ನಿಲ್ಲಿಸಿದವ.

ಮಗಳು ವ್ಯಾನಿನಿಂದ ಇಳಿಯುವಾಗ ಸಂಜೆ ಐದು. ಒದ್ದೆ ಸಾಕ್ಸು ಒಲೆ ಮೇಲಿನ ಕಂಬಿಗೆ ಹಾಕಿ, ಕಾಫಿ ಕುಡಿದು, ತಮ್ಮನ ಜೊತೆ ಜಗಳ ಮಾಡುವಷ್ಟರಲ್ಲಿ ಆರೂವರೆ. ನಾನು ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆದು ಮುಗಿಸಿ ಏಳಕ್ಕೆ ಅವಳ ಹತ್ತಿರ ಕೂರ್ತೇನೆ. ಆಗ ಕರೆಂಟ್ ಹೋಗ್ತದೆ. ಈ ಮಳೆಗಾಲದಲ್ಲಿ ಕರೆಂಟ್ ಇದ್ದರೆ ಅದೇ ವಿಶೇಷ. ಹೋಂವರ್ಕ್ ಏನು ಅಂತ ಟೀಚರು ವಾಟ್ಸಾಪ್ ಗ್ರೂಪಿನಲ್ಲಿ ಹಾಕ್ತಾರೆ, ಅದನ್ನು ನೋಡಬೇಕಾದರೆ ಕಣದ ಮೂಲೆಗೆ ಕೊಡೆ ಹಿಡಿದುಕೊಂಡು ಹೋಗಬೇಕು, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್.

ಇದೆಲ್ಲ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ ಬಿಡಿ. ನನ್ನ ಕಷ್ಟ ಬೇರೆ. ನಾನು ಹತ್ತಿರ ಕೂತರೆ ಜಗಳ, ಕೂರದಿದ್ದರೆ ಪುಸ್ತಕವೇ ತೆಗೆಯುವುದಿಲ್ಲ. ಕಳೆದ ವರ್ಷವಿಡೀ ಏನಾಯ್ತು ಅಂದರೆ, ನಿದ್ದೆಗೆ ಹೊತ್ತಾಗ್ತದೆ ಅಂತ ನಾನೇ ಹೇಳಿ ಬರೆಸುತ್ತಿದ್ದೆ. ಆಮೇಲೆ ನಾನೇ ಬೇರೆ ಕಾಗದದಲ್ಲಿ ಬರೆದು ಕೊಡುತ್ತಿದ್ದೆ, ಅವಳು ನೋಡಿ ಇಳಿಸುತ್ತಿದ್ದಳು. ಪ್ರಾಜೆಕ್ಟ್ ಬಂದರೆ ನಾನೂ ನನ್ನ ಹೆಂಡತಿಯೂ ಥರ್ಮೋಕೋಲ್ ಕತ್ತರಿಸುವುದು, ಅವಳು ಮಲಗುವುದು. ಎಲ್ಲದಕ್ಕೂ ‘ವೆರಿ ಗುಡ್’ ಸಿಕ್ಕಿತು. ಪರೀಕ್ಷೆಯಲ್ಲಿ ಗಣಿತಕ್ಕೆ ಮಾತ್ರ ಏನೂ ಸಿಗಲಿಲ್ಲ.

ಮೊನ್ನೆ ಗುರುವಾರದ ವಿಷಯ ಹೇಳ್ತೇನೆ, ನಾಚಿಕೆಯಾಗ್ತದೆ, ಆದರೂ. ದಶಮಾಂಶದ ಲೆಕ್ಕ. 3.4 ದೊಡ್ಡದೋ 3.15 ದೊಡ್ಡದೋ ಅಂತ ಪ್ರಶ್ನೆ. ಅವಳು 3.15 ಅಂತ ಬರೆದಳು. ತಪ್ಪು ಅಂದೆ. ಅಳಿಸಿ ಮತ್ತೆ 3.15 ಬರೆದಳು. "ನಾಲ್ಕಕ್ಕಿಂತ ಹದಿನೈದು ದೊಡ್ಡದಲ್ವಾ ಅಪ್ಪ?" ಅಂದಳು. ಅದು ಹಾಗಲ್ಲ ಅಂದೆ. ಹಾಗಾದರೆ ಹೇಗೆ ಅಂತ ಕೇಳಿದಳು. ಹೇಗೆ ಅಂತ ಹೇಳಲಿಕ್ಕೆ ನನಗೆ ಬರಲಿಲ್ಲ. ಬರಲಿಲ್ಲ ಅಂತ ಒಪ್ಪಿಕೊಳ್ಳುವ ಬದಲು ಸಿಟ್ಟು ಬಂತು, ಹಾಳೆ ಹರಿದು ಹಾಕಿದೆ. ಅವಳು ಅಳಲೂ ಇಲ್ಲ. ಬೆಳಿಗ್ಗೆ ಅವ್ವ ಹೇಳಿದರು, ನಾನು ಮಲಗಿದ ಮೇಲೆ ಅವಳು ಎದ್ದು ಅನ್ನದ ಅಗುಳು ಹಚ್ಚಿ ಆ ಹಾಳೆಯನ್ನು ಅಂಟಿಸಿ ಬ್ಯಾಗಿಗೆ ಹಾಕಿಕೊಂಡಳಂತೆ.

ಅವತ್ತಿನಿಂದ ನಾನು ಅವಳ ಪುಸ್ತಕ ಮುಟ್ಟಿಲ್ಲ. ಹೀಗೇ ಬಿಟ್ಟರೂ ಆಗುವುದಿಲ್ಲ. ನೀವು ಏನು ಮಾಡ್ತೀರಿ?


ಕುಶಾಲನಗರ_ಹಾರ್ಡ್‌ವೇರ್
ಜುಲೈ 8, ರಾತ್ರಿ 10:15

ಟ್ಯೂಷನ್‌ಗೆ ಹಾಕಿ ಸಾರ್. ನಾನು ಮೂರು ಮಕ್ಕಳನ್ನೂ ಹಾಕಿದ್ದೇನೆ. ಅಪ್ಪ ಅಮ್ಮ ಪಾಠ ಹೇಳಲಿಕ್ಕೆ ಹೋದರೆ ಸಂಬಂಧ ಹಾಳು. ಅಂಗಡಿ ಲೆಕ್ಕ ನಾನು ಬರೆಯುವುದಿಲ್ಲ, ಅಕೌಂಟೆಂಟ್ ಬರೀತಾನೆ. ಇದೂ ಹಾಗೇ.


ಸುಂಟಿಕೊಪ್ಪ_ರೈಟರ್
ಜುಲೈ 8, ರಾತ್ರಿ 10:22

ಟ್ಯೂಷನ್ ಇರುವುದು ಪೇಟೆಯಲ್ಲಿ, ಮುಗಿಯುವುದು ಏಳೂವರೆಗೆ. ನಮ್ಮ ತೋಟದ ರಸ್ತೆಯಲ್ಲಿ ಆರರ ಮೇಲೆ ಆನೆ ಯಾವ ತಿರುವಿನಲ್ಲಿ ನಿಂತಿರ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಹಲಸು ಹಣ್ಣಾದ ಮೇಲೆ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಹಿಂದೆಯೇ ಬಂದು ಹೋಗ್ತಾ ಉಂಟು.


ನಿವೃತ್ತ_ಮೇಷ್ಟ್ರು_ಸೋಮವಾರಪೇಟೆ
ಜುಲೈ 9, ಬೆಳಿಗ್ಗೆ 6:40

ರೈಟರ್ ಅವರೇ, ನಾನು ಪ್ರೈಮರಿ ಶಾಲೆಯಲ್ಲಿ 34 ವರ್ಷ ಇದ್ದವನು. ಹರಿದ ಹಾಳೆಯ ವಿಷಯ ಬರೆದಿರಲ್ಲ, ಅಷ್ಟು ಬರೆಯುವವರು ಕಡಿಮೆ. ನಾನೂ ಸ್ಲೇಟು ಎಸೆದವನೇ. ಆ ಹುಡುಗನಿಗೆ ಈಗ ಮೊಮ್ಮಗ ಹುಟ್ಟುವ ವಯಸ್ಸು, ನನಗೆ ಆ ಸದ್ದು ಇನ್ನೂ ಕೇಳಿಸುತ್ತದೆ.

ಮೊದಲು ಲೆಕ್ಕದ ವಿಚಾರ. ನಿಮ್ಮ ಮಗಳು ದಡ್ಡತನದಿಂದ 3.15 ಬರೆದಿಲ್ಲ. ಐದು ವರ್ಷ ಶಾಲೆಯಲ್ಲಿ ನಾವೇ ಅವಳಿಗೆ ಹೇಳಿಕೊಟ್ಟದ್ದು ಅದನ್ನೇ: ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು, 15 ಅನ್ನುವುದು 4ಕ್ಕಿಂತ ದೊಡ್ಡದು. ಅಷ್ಟೂ ದಿನ ಸರಿಯಾಗಿದ್ದ ನಿಯಮ ಒಂದು ಚುಕ್ಕೆ ಬಂದ ಕೂಡಲೇ ಸುಳ್ಳಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಲ್ಲ. ದಶಮಾಂಶ ಕಲಿಯುವ ಮಕ್ಕಳಲ್ಲಿ ಬಹುಪಾಲು ಮಕ್ಕಳು ಈ ಮೋರಿಯಲ್ಲಿ ಒಮ್ಮೆ ಬಿದ್ದೇ ಮುಂದೆ ಹೋಗುವುದು. ಹಾಗಾಗಿ ತಪ್ಪು ಉತ್ತರ ಬಂದಾಗ "ತಪ್ಪು" ಅನ್ನುವ ಮೊದಲು "ಹೇಗೆ ಗೊತ್ತಾಯ್ತು ನಿನಗೆ?" ಅಂತ ಕೇಳಿ. ಉತ್ತರ ಸರಿ ಇದ್ದಾಗಲೂ ಅದನ್ನೇ ಕೇಳಿ. ಇಲ್ಲದಿದ್ದರೆ ಆ ಪ್ರಶ್ನೆ ಬಂತೆಂದರೆ ತನ್ನದು ತಪ್ಪಾಗಿದೆ ಅಂತ ಎರಡೇ ದಿನದಲ್ಲಿ ಮಗು ಕಂಡುಹಿಡಿಯುತ್ತದೆ.

ಜೂನ್-ಜುಲೈ ಅಂದರೆ ಸೇತುಬಂಧದ ಕಾಲ, ಹಿಂದಿನ ತರಗತಿಯದ್ದು ಎಷ್ಟು ಉಳಿದಿದೆ ಅಂತ ನೋಡುವುದಕ್ಕೇ ಈ ಲೆಕ್ಕ ಕೊಡುವುದು. ಅಲ್ಲಿ ಮಗು ತಪ್ಪು ಮಾಡಿದರೆ ಟೀಚರಿಗೆ ಅದೇ ಮಾಹಿತಿ. ನೀವು ಸರಿಮಾಡಿ ಕಳಿಸಿದರೆ ಮಾಹಿತಿ ಸತ್ತಿತು. ನಾನು ಎಷ್ಟೋ ವರ್ಷ ಅಪ್ಪಂದಿರ ಬುದ್ಧಿಗೆ ‘ಗುಡ್’ ಹಾಕಿದ್ದೇನೆ. ಒಬ್ಬ ಹುಡುಗನ ಪುಸ್ತಕದಲ್ಲಂತೂ ಭಾಗಾಕಾರವನ್ನು ನಾವು ಹೇಳಿಕೊಡದ ಹಳೆಯ ಪದ್ಧತಿಯಲ್ಲಿ ಮಾಡಿತ್ತು. ಅಜ್ಜ ಮಾಡಿದ್ದು!

ಎರಡನೆಯದು. ನಾನು ಕೊನೆಯ ವರ್ಷಗಳಲ್ಲಿ ನಲಿ-ಕಲಿ, ಅಂದರೆ ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ, ಮಾಡಿದವನು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದದ್ದು. ಅದರಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ. ಒಂದನೆಯದರಲ್ಲಿ ಪೂರ್ತಿ ಶಿಕ್ಷಕರ ಬೆಂಬಲ, ಎರಡನೆಯದರಲ್ಲಿ ಭಾಗಶಃ, ಮೂರು-ನಾಲ್ಕರಲ್ಲಿ ಗೆಳೆಯರ ಬೆಂಬಲ, ಐದನೆಯದು ಸ್ವಕಲಿಕೆ. ಮಗು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಎದ್ದು ಹೋಗುವುದೇ ಅದರ ಚೆಂದ. ನೀವು ನಿಮ್ಮ ಮಗಳನ್ನು ವರ್ಷವಿಡೀ ಒಂದನೇ ತಟ್ಟೆಯಲ್ಲಿ ಹಿಡಿದು ಕೂರಿಸಿದಿರಿ, ಈಗ ಸಿಟ್ಟಿನಲ್ಲಿ ಒಮ್ಮೆಲೇ ಐದನೆಯದಕ್ಕೆ ದೂಡಿದ್ದೀರಿ. ನಡುವೆ ಮೂರು ತಟ್ಟೆ ಇವೆ. ಒಂದನೇ ಕ್ಲಾಸಿನ ತಮ್ಮ ಇದ್ದಾನಲ್ಲ, ಅವನಿಗೆ ಅವಳು ಹೇಳಿಕೊಡಲಿ. ನೀವು ಅವಳ ಪುಸ್ತಕದ ಮೇಲೆ ಬಗ್ಗಿ ಕೂರಬೇಡಿ. ಅದೇ ದೀಪದ ಬುಡದಲ್ಲಿ ನಿಮ್ಮ ಚೆಕ್‌ರೋಲ್ ಬರೆಯಿರಿ. ಏಳಕ್ಕೆ ಮೊದಲು ಮುಗಿಸಿಕೊಂಡು ಬರುವುದು ಯಾಕೆ?

ಮೂರನೆಯದು ಗಡಿಯಾರ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಹೋಂವರ್ಕಿನ ಮಾತೂ ಇದೆ. ಎರಡನೇ ತರಗತಿಯವರೆಗೆ ಹೋಂವರ್ಕೇ ಬೇಡ, 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಶಾಲೆಗಳು ಪಾಲಿಸುತ್ತವೋ ಬಿಡುತ್ತವೋ, ಮನೆಯಲ್ಲಿ ನೀವು ಪಾಲಿಸಬಹುದು. ಒಂದು ಗಂಟೆಯಾದ ಮೇಲೆ ಪುಸ್ತಕ ಮುಚ್ಚಿ ಡೈರಿಯಲ್ಲಿ ಒಂದು ಸಾಲು: "ಒಂದು ಗಂಟೆ ಪ್ರಯತ್ನಿಸಿದಳು, ನಾಲ್ಕನೇ ಲೆಕ್ಕದಲ್ಲಿ ನಿಂತಿದ್ದಾಳೆ." ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಮೀಡಿಯಂ ಟೀಚರಿಗೂ ಕನ್ನಡ ಬರುತ್ತದೆ. ಯಾವ ಟೀಚರಿಗಾದರೂ ಹತ್ತು ಸರಿ ಉತ್ತರಕ್ಕಿಂತ ಆ ಒಂದು ಸಾಲು ಹೆಚ್ಚು ಉಪಯೋಗ.

ಇನ್ನು 3.4ಕ್ಕೆ ಬರೋಣ. ನಾವು ಶಾಲೆಯಲ್ಲಿ ಇದನ್ನು ರೂಪಾಯಿ-ಪೈಸೆಯಲ್ಲಿ ಹೇಳಿಕೊಡುತ್ತಿದ್ದೆವು. ಈಗಿನ ಮಕ್ಕಳು ಪೈಸೆ ಕಂಡಿಲ್ಲ. 25 ಪೈಸೆಯೂ ಅದಕ್ಕಿಂತ ಚಿಕ್ಕವೂ 2011ರ ಜೂನ್‌ನಲ್ಲೇ ಚಲಾವಣೆಯಿಂದ ಹೋದವು, ನಿಮ್ಮ ಮಗಳು ಹುಟ್ಟುವ ಮೊದಲು. ಹಾಗಾಗಿ ನಿಮಗೊಂದು ಪ್ರಶ್ನೆ: ನಿಮ್ಮ ಎಸ್ಟೇಟಿನಲ್ಲಿ ಮಳೆ ಪುಸ್ತಕ ಬರೆಯುವವರು ಯಾರು?


ಸುಂಟಿಕೊಪ್ಪ_ರೈಟರ್
ಜುಲೈ 9, ಮಧ್ಯಾಹ್ನ 1:10

ನಾನೇ ಮೇಷ್ಟ್ರೇ. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೀತೇನೆ. ಇಂಚು, ಸೆಂಟು; ನೂರು ಸೆಂಟಿಗೆ ಒಂದು ಇಂಚು.

(ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಹನ್ನೊಂದು ವರ್ಷದಿಂದ ದಶಮಾಂಶ ಬರೀತಾ ಇದ್ದೇನೆ, ಗೊತ್ತೇ ಇರಲಿಲ್ಲ.)


ಗೋಣಿಕೊಪ್ಪ_ಅವ್ವ
ಜುಲೈ 9, ರಾತ್ರಿ 8:30

ಮೇಷ್ಟ್ರು ಹೇಳಿದ್ದು ಗಣಿತಕ್ಕೆ ಆಯ್ತು. ನಮ್ಮನೆಯಲ್ಲಿ ದೊಡ್ಡ ಗಲಾಟೆ ಸೈನ್ಸು, ಸೋಷಿಯಲ್ಲಿನದ್ದು.

ನಾವು ಮನೆಯಲ್ಲಿ ಕೊಡವ ತಕ್ಕ್ ಮಾತಾಡುವುದು. ಮಗ ಏಳನೇ ಕ್ಲಾಸು. ಪ್ರಶ್ನೋತ್ತರ ಎಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ, ಒಂದು ಶಬ್ದ ಮರೆತರೆ ಅಲ್ಲೇ ಬ್ರೇಕು. ನಾನು ಡಿಗ್ರಿ ಓದಿದವಳು, ಇಂಗ್ಲಿಷ್ ಬರ್ತದೆ, ಹಾಗಾಗಿ ನಾನೂ ಅವನನ್ನು ಇಂಗ್ಲಿಷಿನಲ್ಲೇ ಕೇಳ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಅಂತ ಶಾಲೆಯವರೂ ಹೇಳಿದ್ದರು. ಒಂದು ದಿನ ನನ್ನ ಅತ್ತೆ ಗದ್ದೆಯಿಂದ ಬಂದವರು ಅವನನ್ನು ತಕ್ಕ್‌ನಲ್ಲಿ ಕೇಳಿದರು, ಇವತ್ತು ಎಂತ ಓದಿದ್ದು ಅಂತ. ಅವನು ಎಲೆ ಹೇಗೆ ಊಟ ತಯಾರು ಮಾಡ್ತದೆ ಅಂತ ಹತ್ತು ನಿಮಿಷ ಹೇಳಿದ. ಅತ್ತೆ ಬಿಡುವವರಲ್ಲ, ಹಾಗಾದರೆ ನಮ್ಮ ಕಾಫಿಗೆ ಮೇಲೆ ನೆರಳು ಯಾಕೆ ಬೇಕು, ಬಿಸಿಲು ಊಟ ಕೊಡ್ತದೆ ಅಂದಲ್ಲ ನೀನು ಅಂದರು. ಅವನಿಗೆ ಉತ್ತರ ಬರಲಿಲ್ಲ. ಮರುದಿನ ಕ್ಲಾಸಿನಲ್ಲಿ ಹೋಗಿ ಕೇಳಿದ. ಅವನು ಕ್ಲಾಸಿನಲ್ಲಿ ಕೈ ಎತ್ತಿದ್ದು ಅದೇ ಮೊದಲಂತೆ.

ಆಮೇಲೆ ನಾವು ಮಾಡುವುದು ಹೀಗೆ. ಪುಸ್ತಕ ಮುಚ್ಚಿ ಮೊದಲು ಅತ್ತೆಗೆ ತಕ್ಕ್‌ನಲ್ಲಿ ಹೇಳಬೇಕು. ಅವರಿಗೆ ಅರ್ಥವಾದರೆ ಪಾಸ್. ಆಮೇಲೆ ಇಂಗ್ಲಿಷ್ ಉತ್ತರ ಓದುವುದು. ಓದಿದ್ದನ್ನು ಎರಡು ದಿನ ಬಿಟ್ಟು ಮತ್ತೆ ಕೇಳುವುದು, ಆಗ ಎಷ್ಟು ಉಳಿದಿದೆಯೋ ಅಷ್ಟೇ ನಿಜವಾಗಿ ಬಂದದ್ದು. ಬಾಯಿಪಾಠ ಪೂರ್ತಿ ನಿಂತಿಲ್ಲ, ಪರೀಕ್ಷೆಗೆ ಆ ಇಂಗ್ಲಿಷ್ ವಾಕ್ಯ ಬೇಕೇ ಬೇಕು. ಆದರೆ ಮರೆತರೆ ಈಗ ಬ್ರೇಕಾಗುವುದಿಲ್ಲ, ತನ್ನದೇ ಮುರುಕು ಇಂಗ್ಲಿಷಿನಲ್ಲಿ ಏನಾದರೂ ಬರೀತಾನೆ.

ರೈಟರ್ ಅಣ್ಣ, ನಿಮ್ಮ ಅವ್ವ ಮನೆಯಲ್ಲಿ ಇದ್ದಾರಲ್ಲ. ಇಂಗ್ಲಿಷ್ ಬಾರದ್ದೇ ಅವರ ಕ್ವಾಲಿಫಿಕೇಷನ್ ಅಂತ ತಿಳ್ಕೊಳ್ಳಿ.

ಇನ್ನೊಂದು. ರಾಜ್ಯದ ಪಠ್ಯಪುಸ್ತಕವಾದರೆ ಪಾಠದಲ್ಲಿ ಕಪ್ಪು-ಬಿಳಿ ಚೌಕ ಇರ್ತದಲ್ಲ, ಕ್ಯೂಆರ್ ಕೋಡ್, ಅದನ್ನು ದೀಕ್ಷಾ ಆ್ಯಪಿನಲ್ಲಿ ಹಿಡಿದರೆ ಆ ಪಾಠದ ವಿಡಿಯೋ ಸಿಗ್ತದೆ. ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು. ಎಲ್ಲ ವಿಡಿಯೋ ಚೆನ್ನಾಗಿಲ್ಲ, ಕೆಲವು ನಿದ್ದೆ ಬರಿಸ್ತವೆ. ಮೊದಲು ನೀವು ನೋಡಿ.


ಲೈನ್‌ಮನೆ_ಬಿಕಾಂ
ಜುಲೈ 10, ರಾತ್ರಿ 11:05

ನಾನು ಸಿದ್ದಾಪುರ ಕಡೆ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವನು, ಈಗ ಮಡಿಕೇರಿಯಲ್ಲಿ ಬಿಕಾಂ ಕೊನೆಯ ವರ್ಷ. ಅಪ್ಪ ಅಮ್ಮ ಇಬ್ಬರಿಗೂ ಓದು ಬರುವುದಿಲ್ಲ. ಹಾಗಾಗಿ ನಮ್ಮನೆಯಲ್ಲಿ ಹೋಂವರ್ಕ್ ಜಗಳ ಇರಲಿಲ್ಲ, ಹೋಂವರ್ಕ್ ಅಂದರೆ ಎಂತ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಅಮ್ಮ ಒಂದು ಮಾತ್ರ ಮಾಡುತ್ತಿದ್ದರು. ಒಲೆ ಮುಂದೆ ಕೂತು ಸೊಪ್ಪು ಬಿಡಿಸುವಾಗ ಪುಸ್ತಕ ಗಟ್ಟಿಯಾಗಿ ಓದು ಅನ್ನುತ್ತಿದ್ದರು. ಕನ್ನಡವೂ ಅವರಿಗೆ ಅಷ್ಟಕ್ಕಷ್ಟೆ, ಅವರ ಭಾಷೆ ಬೇರೆ. ನಾನು ಎರಡು ಪುಟ ಹಾರಿಸಿ ಓದಿದರೆ ಹೇಗೆ ಗೊತ್ತಾಗುತ್ತಿತ್ತೋ, "ಮಧ್ಯದಲ್ಲಿ ಉಸಿರು ತಗೊಂಡೆ, ಬಿಟ್ಟೆ ನೀನು" ಅನ್ನುತ್ತಿದ್ದರು. ನನಗೆ ಈಗಲೂ ಒತ್ತಕ್ಷರ ತಪ್ಪುವುದಿಲ್ಲ, ಅದು ಅವರಿಂದ. ರೇಷನ್ ಚೀಟಿ, ಮಾತ್ರೆಯ ಕವರು, ಬ್ಯಾಂಕಿನ ಪಾಸ್‌ಬುಕ್, ಎಲ್ಲ ನಾನೇ ಓದಿ ಹೇಳಬೇಕಿತ್ತು. ಮನೆಯಲ್ಲಿ ನನಗಿಂತ ಓದಿದವರು ಇರಲಿಲ್ಲ ಅನ್ನುವುದು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಗಣಿತ ಪೂರ್ತಿ ಕೈಬಿಟ್ಟಿತ್ತು, ಕೇಳಲಿಕ್ಕೆ ಯಾರೂ ಇರಲಿಲ್ಲ. ಅಪ್ಪ-ಅಮ್ಮ ಹೇಳಿಕೊಡದಿದ್ದರೂ ನಡೆಯುತ್ತದೆ ಅಂತ ಹೇಳುವವರಿಗೆ ಇದು ಗೊತ್ತಿರಲಿ.

ಬೇಜಾರು ಮಾಡ್ಕೋಬೇಡಿ ರೈಟರ್ ಸರ್, ಒಂದು ಹೇಳ್ತೇನೆ. ಆರನೇ ಕ್ಲಾಸಿನಲ್ಲಿ ಕಾಫಿ ಕೊಯ್ಲಿನ ಸಮಯ. ನಮ್ಮಲ್ಲಿ ಆಗ ಕೆಜಿ ಲೆಕ್ಕದಲ್ಲಿ ಕೂಲಿ. ಅಮ್ಮ ತಂದ ತೂಕದ ಚೀಟಿಗಳನ್ನು ನಾನು ವಾರಕ್ಕೊಮ್ಮೆ ಕೂಡಿಸುತ್ತಿದ್ದೆ. ಒಂದು ವಾರ ಬಟವಾಡೆಯಲ್ಲಿ 40 ಕೆಜಿ ಕಡಿಮೆ ಬಂತು. ಅಮ್ಮ ಹೋಗಿ ಕೇಳಿದರು, ಅಲ್ಲಿನ ರೈಟರ್ ಮೊದಲು ನಕ್ಕರು, ಆಮೇಲೆ ಕೂಡಿಸಿ ನೋಡಿ ಸರಿಮಾಡಿದರು. ಆ ದಿನ ಅಮ್ಮ ನನಗೆ ಮೀನು ತಂದರು. ಲೆಕ್ಕ ಯಾಕೆ ಕಲಿಯಬೇಕು ಅಂತ ನನಗೆ ಮತ್ತೆ ಯಾರೂ ಹೇಳಬೇಕಾಗಿ ಬರಲಿಲ್ಲ.

ನಿಮ್ಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರೆ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ‘ಓದುವ ಬೆಳಕು’ ಅಂತ ಶುರು ಮಾಡಿದರು. ಶಾಲೆಪುಸ್ತಕ ಬಿಟ್ಟು ಬೇರೆ ಏನಾದರೂ ಮನೆಯಲ್ಲಿ ಇರಲಿ ಸರ್. ನಮ್ಮನೆಯಲ್ಲಿ ಮೀನು ಸುತ್ತಿದ ಪೇಪರ್ ಬಿಟ್ಟು ಬೇರೆ ಇರಲಿಲ್ಲ, ಅದನ್ನೂ ಓದುತ್ತಿದ್ದೆ. ವಾಸನೆ!


ಸುಂಟಿಕೊಪ್ಪ_ರೈಟರ್
ಜುಲೈ 11, ಬೆಳಿಗ್ಗೆ 7:15

ತಮ್ಮಾ, ಬೇಜಾರು ಎಂತದ್ದೂ ಇಲ್ಲ. ಕೊಯ್ಲಿನ ಸಮಯದಲ್ಲಿ ಸಂಜೆ ತಲೆ ಓಡುವುದಿಲ್ಲ, ತಪ್ಪಾಗ್ತದೆ. ಇನ್ನು ಮೇಲೆ ಎರಡು ಸಲ ಕೂಡಿಸ್ತೇನೆ.


ಸುಂಟಿಕೊಪ್ಪ_ರೈಟರ್
ಜುಲೈ 20, ರಾತ್ರಿ 8:20

ಹೇಳಿ ಹೋಗುವ ಅಂತ ಬಂದೆ. ಉದ್ದ ಆಗ್ತದೆ.

ಮೊದಲು ಹೋಗಿ ಮಗಳ ಹತ್ತಿರ ತಪ್ಪಾಯ್ತು ಅಂದೆ. ಅವಳು "ಯಾವುದಕ್ಕೆ?" ಅಂತ ಕೇಳಿದಳು. ಹಾಳೆ ಹರಿದದ್ದಕ್ಕೆ ಅಂದೆ. "ಅದು ಅಂಟಿದೆ" ಅಂದಳು. ಅಷ್ಟೇ. ನಾನು ಇನ್ನೂ ಏನಾದರೂ ಹೇಳಬೇಕು ಅಂತ ನಿಂತಿದ್ದೆ, ಅವಳು ಹೋಗಿ ಆಯಿತು.

13ರಿಂದ ನಾಲ್ಕು ದಿನ ಮಳೆ ರಜೆ ಕೊಟ್ಟರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಜೊತೆ ಮಳೆ ಅಳೆಯಲಿಕ್ಕೆ ಬಾ ಅಂದೆ. ಗೊತ್ತಿಲ್ಲದವರಿಗೆ ಹೇಳ್ತೇನೆ, ನಮ್ಮಲ್ಲಿರುವ ರೈನ್ ಗೇಜಿನ ಅಳತೆಗಾಜು ಅರ್ಧ ಇಂಚಿನದ್ದು, ಅಂದರೆ 50 ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಜಾಸ್ತಿ ಮಳೆಯಾದರೆ ಡಬ್ಬಿಯ ನೀರನ್ನು ಎರಡು-ಮೂರು ಸಲ ಗಾಜಿಗೆ ಸುರಿದು ಕೂಡಿಸಬೇಕು. ಜಿಗಣೆಗೆ ಹೆದರಿ ಅವಳು ಕಾಲಿಗೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಬಂದಳು. ನೀರು ಸುರಿಯುವ ಕೆಲಸ ಅವಳಿಗೆ ಕೊಟ್ಟೆ, ಪುಸ್ತಕ ಬರೆಯುವುದನ್ನೂ. ನಾನು ನನ್ನ ಹಳೆಯ ರೂಢಿಯಲ್ಲಿ ಇಂಚಿಗೊಂದು ಸೆಂಟಿಗೊಂದು ಕಾಲಂನಲ್ಲಿ ಬೇರೆ ಬರೆದುಕೊಂಡೆ. ಅವಳಿಗೆ ಚುಕ್ಕೆ ಹಾಕಿ ಬರಿ ಅಂದೆ. ಬೇರೆ ಏನೂ ಹೇಳಲಿಲ್ಲ. ಹೇಳಬಾರದು ಅಂತ ನಾಲಿಗೆ ಕಚ್ಚಿಕೊಂಡಿದ್ದೆ.

ಸೋಮವಾರ 1 ಇಂಚು 20. ಮಂಗಳವಾರ 85 ಸೆಂಟ್. ಬುಧವಾರ ಗಾಜು ಎರಡು ಸಲ ತುಂಬಿತು, ಮೂರನೇ ಸಲ ಅಡಿಯಲ್ಲಿ ಐದೇ ಗೆರೆ. ಗುರುವಾರ ಜೋರು, 2 ಇಂಚು 40. ಶುಕ್ರವಾರ 60 ಸೆಂಟ್, ಶನಿವಾರ 1 ಇಂಚು 75, ಭಾನುವಾರ 95 ಸೆಂಟ್. ನಿನ್ನೆ ಭಾನುವಾರ ವಾರದ ಮೊತ್ತ ಹಾಕಿದೆವು. ನನ್ನದು 8 ಇಂಚು 80. ಅವಳದ್ದು 9.25.

ಹಿಂದಿನ ನಾನಾಗಿದ್ದರೆ ಅವಳದ್ದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದೆ. "ಇಬ್ಬರಲ್ಲಿ ಒಬ್ಬರದ್ದು ತಪ್ಪಿದೆ, ನನ್ನದೂ ಇರಬಹುದು, ದೊರೆಗೆ ಪುಸ್ತಕ ತೋರಿಸಬೇಕು" ಅಂದೆ. (ದೊರೆ ಅಂದರೆ ನಮ್ಮ ಮ್ಯಾನೇಜರ್.) ಅವಳು ಮೊದಲು ನನ್ನದನ್ನು ತಪಾಸಣೆ ಮಾಡಿದಳು! ಮೂರು ಸಲ ಕೂಡಿಸಿದಳು. ಆಮೇಲೆ ತನ್ನದನ್ನು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ದಿನ ದಿನದ್ದು ನೋಡಿದಳು. ಬುಧವಾರಕ್ಕೆ ಬಂದು ನಿಂತಳು. ನಾನು 1 ಅಂತ ಒಂದು ಕಾಲಂ, 5 ಅಂತ ಇನ್ನೊಂದು ಕಾಲಂ ಬರೆದಿದ್ದೆ. ಅವಳು ಅದನ್ನೇ ಚುಕ್ಕೆ ಹಾಕಿ 1.5 ಮಾಡಿದ್ದಳು.

"ಅಪ್ಪ, ಒಂದೂವರೆ ಇಂಚು ಆಗಿದ್ದರೆ ಗಾಜು ಮೂರು ಸಲ ತುಂಬಬೇಕಿತ್ತು. ಮೂರನೇದು ಅಡಿಯಲ್ಲೇ ಇತ್ತಲ್ಲ."

ನಾನು ಹೌದು ಅಂದೆ.

"ಹಾಗಾದರೆ ಸೊನ್ನೆ ಎಲ್ಲಿಗೆ ಹೋಯ್ತು?"

ಅಷ್ಟಾಗಿ ಐದು ನಿಮಿಷಕ್ಕೆ 1.05 ಬರೆದಳು, ಮೊತ್ತ 8.80 ಬಂತು. ಆಮೇಲೆ ಶುಕ್ರವಾರದ್ದು .60 ಅಂತ ಬರೆದದ್ದನ್ನು ನೋಡಿ, ಇದರ ಸೊನ್ನೆ ತೆಗೆದರೆ ನಡೀತದೆ, ಅದರದ್ದು ತೆಗೆದರೆ ಯಾಕೆ ನಡೆಯುವುದಿಲ್ಲ ಅಂತ ಕೇಳಿದಳು. ನನಗೆ ಥಟ್ಟನೆ ಹೇಳಲಿಕ್ಕೆ ಬರಲಿಲ್ಲ. ಗೊತ್ತಿಲ್ಲ, ಯೋಚನೆ ಮಾಡುವ ಅಂದೆ. ಇಬ್ಬರೂ ಯೋಚನೆ ಮಾಡಿದೆವು. ಅವಳಿಗೆ ಮೊದಲು ಹೊಳೆಯಿತು, ಮುಂದೆ ಇರುವ ಸೊನ್ನೆ ಐದನ್ನು ಹಿಂದಕ್ಕೆ ದೂಡ್ತದೆ, ಹಿಂದೆ ಇರುವ ಸೊನ್ನೆ ಯಾರನ್ನೂ ದೂಡುವುದಿಲ್ಲ ಅಂತ. ಮೇಷ್ಟ್ರೇ, ಇದು ಸರಿ ತಾನೇ?

3.4ರ ವಿಷಯ ನಾನು ಎತ್ತಲೇ ಇಲ್ಲ. ರಾತ್ರಿ ಅವಳೇ ಆ ಅನ್ನ ಹಚ್ಚಿದ ಹಾಳೆ ತೆಗೆದು, "3 ಇಂಚು 40 ದೊಡ್ಡದು, 3 ಇಂಚು 15 ಚಿಕ್ಕದು" ಅಂತ ಹೇಳಿ ಮುಚ್ಚಿಟ್ಟಳು.

ಇಷ್ಟು ಓದಿ ಎಲ್ಲ ಸರಿಯಾಯ್ತು ಅಂದುಕೊಳ್ಳಬೇಡಿ. ಡೈರಿಯಲ್ಲಿ ಕನ್ನಡದಲ್ಲಿ ಸಾಲು ಬರೆದು ಕಳಿಸಿದೆ. ಒಬ್ಬ ಟೀಚರು ಲೆಕ್ಕವನ್ನು ಮತ್ತೆ ಹೇಳಿಕೊಟ್ಟರಂತೆ. ಇನ್ನೊಬ್ಬರು ‘ಇನ್‌ಕಂಪ್ಲೀಟ್’ ಅಂತ ಕೆಂಪಿನಲ್ಲಿ ಬರೆದು, ಪೂರ್ತಿ ಮಾಡಿಸಿ ಕಳಿಸಿ ಅಂದರು. ಮಗಳಿಗೆ ಅವಮಾನವಾಯ್ತು, ಎರಡು ದಿನ ನನ್ನ ಜೊತೆ ಮಾತಿಲ್ಲ. ಅವ್ವನಿಗೆ ಪಾಠ ಹೇಳುವುದು ಮೊದಲ ದಿನ ಚೆನ್ನಾಗಿ ಆಯ್ತು, ಎರಡನೇ ದಿನ ಅವ್ವನಿಗೆ ನಿದ್ದೆ ಬಂತು. ಇಂಗ್ಲಿಷ್ ಸ್ಪೆಲ್ಲಿಂಗಿಗೆ ಯಾವ ಗೇಜೂ ಇಲ್ಲ, ಅದು ಹಾಗೇ ಉಂಟು. ಮಗ ಮಾತ್ರ ಅಕ್ಕ ಹೇಳಿಕೊಟ್ಟದ್ದಕ್ಕೆ ಮಗ್ಗಿಯಲ್ಲಿ ಏಳೇಳು ನಲವತ್ತೇಳು ಅಂತ ಕಲಿತಿದ್ದಾನೆ. ಒಂದನೇ ಕ್ಲಾಸಿಗೆ ಏಳರ ಮಗ್ಗಿ ಯಾರು ಹೇಳಿಕೊಡಲಿಕ್ಕೆ ಹೇಳಿದ್ದು ಅಂತ ಗೊತ್ತಿಲ್ಲ.


ಕುಶಾಲನಗರ_ಹಾರ್ಡ್‌ವೇರ್
ಜುಲೈ 20, ರಾತ್ರಿ 9:00

ಸಾರ್, ನಿಮಗೆ ಮಳೆ ಪುಸ್ತಕ ಇದೆ. ನನ್ನ ಅಂಗಡಿಯಲ್ಲಿ ಎಂತ ಉಂಟು? ಮೊಳೆ ಮತ್ತು ಪೈಪು.


ನಿವೃತ್ತ_ಮೇಷ್ಟ್ರು_ಸೋಮವಾರಪೇಟೆ
ಜುಲೈ 21, ಬೆಳಿಗ್ಗೆ 6:30

ಹಾರ್ಡ್‌ವೇರ್ ಅವರೇ, ಅರ್ಧ ಇಂಚು, ಮುಕ್ಕಾಲು ಇಂಚು, ಒಂದೂಕಾಲು ಇಂಚು ಪೈಪು ಮಾರುವ ಮನುಷ್ಯ ನನ್ನನ್ನು ಭಿನ್ನರಾಶಿಗೆ ಏನು ಮಾಡಲಿ ಅಂತ ಕೇಳುತ್ತಿದ್ದೀರಾ? ಮಕ್ಕಳನ್ನು ಭಾನುವಾರ ಒಂದು ಗಂಟೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿ. ಟ್ಯೂಷನ್ ಬಿಡಿಸಿ ಅಂತ ನಾನು ಹೇಳುತ್ತಿಲ್ಲ.

ರೈಟರ್ ಅವರೇ, ಸೊನ್ನೆಯ ಮಾತು ನೂರಕ್ಕೆ ನೂರು ಸರಿ, ನಾನು ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೆಂಪಿನಲ್ಲಿ ಬರೆದ ಟೀಚರನ್ನು ಒಮ್ಮೆ ಹೋಗಿ ಕಾಣಿ, ಗ್ರೂಪಿನಲ್ಲಿ ಬರೆಯಬೇಡಿ. ಅವರ ಕೈಯಲ್ಲಿ 40 ಪುಸ್ತಕ ಇರುತ್ತವೆ, ನಿಮ್ಮ ಒಂದು ಸಾಲು ಯಾಕೆ ಬಂತು ಅಂತ ಅವರಿಗೆ ಗೊತ್ತಿಲ್ಲ. ಹೋಗುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳ ಬೆನ್ನ ಹಿಂದೆ ಮಾತಾಡಿದಂತೆ ಆಗಬಾರದು.

ಸ್ಪೆಲ್ಲಿಂಗಿಗೆ ನನ್ನ ಹತ್ತಿರವೂ ಮದ್ದಿಲ್ಲ. ದಿನಕ್ಕೆ ಐದು ಶಬ್ದ, ನೋಡಿ, ಮುಚ್ಚಿ, ಬರೆದು, ತೆಗೆದು ಹೋಲಿಸಿಕೊಳ್ಳುವುದು. ಬೇಸರದ ಕೆಲಸವೇ. ಕೆಲವು ಕೆಲಸ ಬೇಸರದ್ದೇ ಇರುತ್ತವೆ, ಅದನ್ನೂ ಆಟ ಮಾಡಲಿಕ್ಕೆ ಹೋಗಬೇಡಿ.

ಮುಂದಿನದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಪೇಪರಿನಲ್ಲಿ ಮಳೆ ಮಿಲಿಮೀಟರಿನಲ್ಲಿ ಬರುತ್ತದೆ, ನಿಮ್ಮದು ಇಂಚು. ಒಂದು ಇಂಚಿಗೆ 25.4 ಮಿ.ಮೀ. ಆ ವಾರದ ನಿಮ್ಮ 8.80 ಎಷ್ಟಾಗುತ್ತದೆ, ಅವಳು ಮಾಡಲಿ. ನೀವೂ ಬೇರೆ ಮಾಡಿ. ಉತ್ತರ ನಾನು ಹೇಳುವುದಿಲ್ಲ.


ಸುಂಟಿಕೊಪ್ಪ_ರೈಟರ್
ಜುಲೈ 22, ರಾತ್ರಿ 7:45

ಅವಳದ್ದು 223.52. ನನ್ನದು 2235.2 ಬಂತು. ದೊರೆಗೆ ಹೇಳಬೇಡಿ.

ಈಗ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಇದನ್ನು ಬರೀತಾ ಇದ್ದೇನೆ, ಬ್ಯಾಟರಿ ಎರಡು ಪರ್ಸೆಂಟ್. ಟೀಚರನ್ನು ಶನಿವಾರ ಕಾಣ್ತೇವೆ. ಒಳಗಿಂದ ಕರೀತಾ ಇದ್ದಾಳೆ, ನನ್ನ ಗುಣಾಕಾರದಲ್ಲಿ ಚುಕ್ಕೆ ಎಲ್ಲಿ ತಪ್ಪಿತು ಅಂತ ಕಂಡುಹಿಡಿದಿದ್ದಾಳಂತೆ.